ಯೀಸ್ಟ್ ಮತ್ತು ಬಲೂನಿನ ಪ್ರಯೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಯಾವುದೇ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿ, ಎರಡು ಮೇಜುಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಒಂದರ ಮೇಲೆ ಅಡುಗೆ ಸೋಡಾ ಉಕ್ಕಿಸುವ ಥರ್ಮಾಕೋಲ್ ಜ್ವಾಲಾಮುಖಿ, ಇನ್ನೊಂದರ ಮೇಲೆ ಬಾಯಿಗೆ ಬಲೂನು ಸಿಕ್ಕಿಸಿದ ಬಾಟಲಿ. ಎರಡನೆಯದು ಬಹಳ ಒಳ್ಳೆಯ ಪ್ರಯೋಗ, ಆದರೆ ಅದನ್ನು ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ಮಕ್ಕಳು, ಪಾಲಕರು, ಕೆಲವೊಮ್ಮೆ ಶಿಕ್ಷಕರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಈ ಪ್ರಯೋಗದಲ್ಲಿ ನಡೆಯುವುದಾದರೂ ಏನು?

ಯೀಸ್ಟ್ ಒಂದೇ ಜೀವಕೋಶದ ಶಿಲೀಂಧ್ರ. ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಎಥನಾಲ್ ಎಂಬ ಮದ್ಯಸಾರವನ್ನೂ ಹೊರಬಿಡುತ್ತದೆ. ಬಾಟಲಿಯ ಬಾಯಿಗೆ ಬಲೂನು ಇರುವುದರಿಂದ ಅನಿಲಕ್ಕೆ ಹೋಗಲು ಬೇರೆ ದಾರಿಯಿಲ್ಲ, ಬಲೂನು ಉಬ್ಬುತ್ತದೆ.

ಏನೇನು ಬೇಕು? ಅಳತೆ ಎಷ್ಟು?

ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ, ಒಂದು ಬಲೂನು, ಒಂದು ಚಹಾ ಚಮಚ ಒಣ ಯೀಸ್ಟ್, ಎರಡು ಚಹಾ ಚಮಚ ಸಕ್ಕರೆ, ಒಂದು ಸಣ್ಣ ಲೋಟದಷ್ಟು ಅಂದರೆ ಸುಮಾರು 150 ಮಿಲಿಲೀಟರ್ ಬೆಚ್ಚಗಿನ ನೀರು. ಇಷ್ಟೇ. ಯೀಸ್ಟ್ ಈಗ ಕಿರಾಣಿ ಅಂಗಡಿಗಳಲ್ಲೂ ಸಿಗುತ್ತದೆ. ಸಿಗದಿದ್ದರೆ ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತ ಅಥವಾ ಧಾರವಾಡದ ಸುಭಾಷ ರಸ್ತೆಯಲ್ಲಿ ಬೇಕರಿ ಸಾಮಾನು ಮಾರುವವರನ್ನು ವಿಚಾರಿಸಿ. ಪರಿಚಯದ ಬೇಕರಿಯವರು ಇದ್ದರೆ ಇನ್ನೂ ಒಳ್ಳೆಯದು, ಚಿಟಿಕೆ ಯೀಸ್ಟ್ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಅವರು ಬೆಣ್ಣೆಯ ತುಂಡಿನಂತಿರುವ ಹಸಿ ಯೀಸ್ಟ್ ಕೊಟ್ಟರೆ ಅದರಲ್ಲಿ ನೀರಿನ ಅಂಶ ಹೆಚ್ಚಿರುತ್ತದೆ, ಒಣ ಯೀಸ್ಟ್‌ನ ಮೂರು ಪಟ್ಟು ತೂಕದಷ್ಟು ಹಾಕಿ.

ಮಾಡುವ ಕ್ರಮ?

ಮೊದಲು ಬಲೂನನ್ನು ಬಾಯಿಯಿಂದ ಒಂದೆರಡು ಸಲ ಊದಿ ಗಾಳಿ ಬಿಟ್ಟುಬಿಡಿ. ಹೊಸ ಬಲೂನಿನ ರಬ್ಬರು ಬಿಗಿಯಾಗಿರುತ್ತದೆ, ಯೀಸ್ಟ್‌ಗೆ ನಮ್ಮ ಪುಪ್ಪುಸದಷ್ಟು ಬಲವಿಲ್ಲ. ಬೆಚ್ಚಗಿನ ನೀರಿನಲ್ಲಿ ಸಕ್ಕರೆ ಕರಗಿಸಿ, ಯೀಸ್ಟ್ ಹಾಕಿ ಕದಡಿ, ಬಾಟಲಿಗೆ ಸುರಿದು ಬಲೂನು ಸಿಕ್ಕಿಸಿ. ಬಲೂನಿನ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಸುತ್ತಿ. ಹತ್ತು ನಿಮಿಷದಲ್ಲಿ ನೀರಿನ ಮೇಲೆ ಕಂದು ನೊರೆ ಕಟ್ಟುತ್ತದೆ. ಇಪ್ಪತ್ತು ಮೂವತ್ತು ನಿಮಿಷಕ್ಕೆ ಜೋಲು ಬಿದ್ದಿದ್ದ ಬಲೂನು ನೆಟ್ಟಗೆ ನಿಲ್ಲುತ್ತದೆ. ದುಂಡಗಾಗಲು ಒಂದು ಗಂಟೆಯಾದರೂ ಬೇಕು. ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದರೆ ನೊರೆಯ ಗುಳ್ಳೆಗಳು ಒಡೆಯುವ ಸಣ್ಣ ಚಿಟಿಚಿಟಿ ಸದ್ದು ಕೇಳಿಸುತ್ತದೆ. ಬಲೂನು ನೋಡುವ ಅವಸರದಲ್ಲಿ ಇದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ನೀರು ಎಷ್ಟು ಬಿಸಿ ಇರಬೇಕು? ಮನೆಯಲ್ಲಿ ಥರ್ಮಾಮೀಟರ್ ಇಲ್ಲ.

35ರಿಂದ 40 ಡಿಗ್ರಿ ಸೆಲ್ಸಿಯಸ್ ಯೀಸ್ಟ್‌ಗೆ ಹಿತ. 60 ಡಿಗ್ರಿ ತಲುಪಿದರೆ ಸತ್ತುಹೋಗುತ್ತದೆ. ಥರ್ಮಾಮೀಟರ್ ಇಲ್ಲದವರಿಗೆ ಸುಲಭದ ಲೆಕ್ಕ: ಒಂದು ಲೋಟ ಕುದಿಯುವ ನೀರಿಗೆ ಮೂರು ಲೋಟ ಹಂಡೆಯಲ್ಲಿಟ್ಟ ತಣ್ಣೀರು. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 97-98 ಡಿಗ್ರಿಗೆ. ತಣ್ಣೀರು 20-25 ಡಿಗ್ರಿ ಇದ್ದರೆ ಬೆರೆತ ನೀರು 40ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ತೊಟ್ಟಿಯ ನೀರೇ ಕಾದಿರುತ್ತದೆ, ಆಗ ಕುದಿಯುವ ನೀರು ಸ್ವಲ್ಪ ಕಡಿಮೆ ಮಾಡಿ. ಮನೆಯಲ್ಲಿ ಅಜ್ಜಿ ಇದ್ದರೆ ಲೆಕ್ಕವೂ ಬೇಡ: ಕೂಸಿಗೆ ಎರೆಯುವ ನೀರಿನ ಹದ ಎಂದರೆ ಸಾಕು, ಕೈಯದ್ದಿ ಹೇಳುತ್ತಾರೆ.

ಒಂದು ಗಂಟೆ ಕಾದರೂ ಬಲೂನು ಏಳಲಿಲ್ಲ. ಏಕೆ?

ಹೆಚ್ಚಾಗಿ ಬರುವ ದೂರು ಇದೇ. ಮೊದಲು ನೊರೆ ನೋಡಿ. ನೊರೆ ಎದ್ದಿದ್ದು ಬಲೂನು ಮಾತ್ರ ಏಳದಿದ್ದರೆ ಯೀಸ್ಟ್‌ನ ತಪ್ಪಿಲ್ಲ, ಎಲ್ಲೋ ಸೋರುತ್ತಿದೆ. ಬಲೂನಿನಲ್ಲಿ ಸೂಜಿಮೊನೆಯ ತೂತಿರಬಹುದು, ಬಾಟಲಿಯ ಬಾಯಿ ಸೀಳಿರಬಹುದು, ಬಲೂನಿನ ಕುತ್ತಿಗೆ ಸಡಿಲವಿರಬಹುದು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುವ ಜಾಗವೇ ಸೋರುವ ಜಾಗ. ಬಾಟಲಿ ತೀರಾ ದೊಡ್ಡದಾಗಿದ್ದರೂ ಫಲಿತಾಂಶ ತಡವಾಗುತ್ತದೆ.

ನೊರೆಯೇ ಇಲ್ಲದಿದ್ದರೆ ಯೀಸ್ಟ್ ಸತ್ತಿದೆ, ಇಲ್ಲವೇ ಚಳಿಗೆ ಮುದುಡಿದೆ. ಹಳೆಯ ಪೊಟ್ಟಣ, ಒಡೆದ ಮೇಲೆ ಕಪಾಟಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೊಟ್ಟಣ, ಅತಿ ಬಿಸಿ ನೀರು, ಇವು ಮೂರೇ ಮುಖ್ಯ ಕಾರಣ. ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಬೇಕು. ಚಳಿಯ ಸಮಸ್ಯೆಗೆ ಮದ್ದು ಸುಲಭ. ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಇಡ್ಲಿ ಹಿಟ್ಟು ಏಳುವುದಿಲ್ಲವೆಂದು ಪಾತ್ರೆಗೆ ಕೌದಿ ಸುತ್ತುತ್ತೇವಲ್ಲ, ಬಾಟಲಿಗೂ ಅದೇ ಉಪಚಾರ ಮಾಡಿ. ಅಥವಾ ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ನಿಲ್ಲಿಸಿ.

ನೀರಿನ ಬಗ್ಗೆಯೂ ಕೇಳುತ್ತಾರೆ. ಅವಳಿ ನಗರದಲ್ಲಿ ನಲ್ಲಿಗೆ ನೀರು ಬಿಟ್ಟ ದಿನ ಹಿಡಿದು ತುಂಬಿಟ್ಟುಕೊಳ್ಳುವುದೇ ರೂಢಿ, ಹಾಗೆ ನಿಂತ ನೀರಿನಲ್ಲಿ ಕ್ಲೋರಿನ್ ಕಡಿಮೆಯಾಗಿರುತ್ತದೆ, ಯೀಸ್ಟ್‌ಗೆ ಅನುಕೂಲವೇ. ಗದಗ ಜಿಲ್ಲೆಯ ಕೆಲವು ಊರುಗಳ ಸವಳು ನೀರಿನಲ್ಲೂ ಯೀಸ್ಟ್ ಕೆಲಸ ಮಾಡುತ್ತದೆ. ಅದು ತಡೆದುಕೊಳ್ಳುವ ಉಪ್ಪು ನಮ್ಮ ನಾಲಿಗೆ ತಡೆದುಕೊಳ್ಳುವುದಕ್ಕಿಂತ ಹೆಚ್ಚು. ಚಮಚಗಟ್ಟಲೆ ಉಪ್ಪು ಹಾಕಿದರೆ ಮಾತ್ರ ಮಂದವಾಗುತ್ತದೆ.

ಬಿಸಿ ನೀರಿನಿಂದ ಒಳಗಿನ ಗಾಳಿ ಹಿಗ್ಗಿ ಬಲೂನು ಎದ್ದಿರಬಹುದಲ್ಲವೇ? ಯೀಸ್ಟ್‌ನಿಂದಲೇ ಎಂದು ಹೇಗೆ ನಂಬುವುದು?

ಈ ಪ್ರಶ್ನೆ ಕೇಳಿದ ಮಗುವಿಗೆ ಬಹುಮಾನ ಕೊಡಬೇಕು. ಒಂದೇ ಬಾಟಲಿ ಇಟ್ಟುಕೊಂಡು ಬಲೂನು ಉಬ್ಬಿದ್ದನ್ನು ತೋರಿಸಿದರೆ ಅದು ಪ್ರದರ್ಶನವಾಯಿತು, ಪ್ರಯೋಗವಾಗಲಿಲ್ಲ. ಸಂಶಯಕ್ಕೆ ಉತ್ತರ ಕೊಡುವುದು ಉಬ್ಬದೆ ಉಳಿದ ಬಾಟಲಿಗಳು.

ನಾಲ್ಕು ಬಾಟಲಿ ತೆಗೆದುಕೊಳ್ಳಿ. ನಾಲ್ಕಕ್ಕೂ ಒಂದೇ ಅಳತೆಯ, ಒಂದೇ ಬಿಸಿಯ ನೀರು, ಒಂದೇ ಪೊಟ್ಟಣದ ಬಲೂನು. ‘ಅ’ ಬಾಟಲಿಗೆ ಯೀಸ್ಟ್ ಮತ್ತು ಸಕ್ಕರೆ. ‘ಆ’ ಬಾಟಲಿಗೆ ಸಕ್ಕರೆ ಮಾತ್ರ. ‘ಇ’ ಬಾಟಲಿಗೆ ಯೀಸ್ಟ್ ಮಾತ್ರ. ‘ಈ’ ಬಾಟಲಿಗೆ ಸಕ್ಕರೆಯ ಜೊತೆಗೆ ಐದು ನಿಮಿಷ ಕುದಿಸಿ ಆರಿಸಿದ ಯೀಸ್ಟ್.

‘ಆ’ ಬಾಟಲಿಯ ಬಲೂನು ಮೊದಮೊದಲು ತುಸು ಮಿಸುಕಾಡಬಹುದು. ನೀವು ಹೇಳಿದ ಬಿಸಿ ಗಾಳಿಯ ಪ್ರಭಾವ ಅಷ್ಟೇ. ನೀರು ಆರಿದ ಹಾಗೆ ಅದು ಮತ್ತೆ ಜೋಲುತ್ತದೆ, ‘ಅ’ ಬಾಟಲಿಯ ಬಲೂನು ಮಾತ್ರ ನೀರು ಆರಿದ ಮೇಲೂ ದಪ್ಪವಾಗುತ್ತಲೇ ಹೋಗುತ್ತದೆ. ‘ಇ’ ಬಾಟಲಿಯಲ್ಲಿ ನಾಲ್ಕಾರು ಗುಳ್ಳೆಗಳು ಕಂಡರೆ ಗಾಬರಿ ಬೇಡ. ಯೀಸ್ಟ್ ತನ್ನ ಮೈಯೊಳಗೆ ಗ್ಲೈಕೋಜನ್, ಟ್ರೆಹಲೋಸ್ ಎಂಬ ಶರ್ಕರಗಳನ್ನು ಕಷ್ಟಕಾಲಕ್ಕೆಂದು ಕೂಡಿಟ್ಟುಕೊಂಡಿರುತ್ತದೆ, ಅದನ್ನೇ ಸ್ವಲ್ಪ ಹೊತ್ತು ಉಣ್ಣುತ್ತದೆ. ‘ಈ’ ಬಾಟಲಿ ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ಯೀಸ್ಟ್ ಇದೆ, ಸಕ್ಕರೆ ಇದೆ, ನೀರಿದೆ, ಆದರೂ ಏನೂ ಆಗುವುದಿಲ್ಲ. ‘ಅ’ ಮತ್ತು ‘ಈ’ ಬಾಟಲಿಗಳ ನಡುವಿನ ವ್ಯತ್ಯಾಸ ಒಂದೇ: ಒಂದರಲ್ಲಿ ಜೀವವಿದೆ, ಇನ್ನೊಂದರಲ್ಲಿ ಕುದಿಸಿ ಅದನ್ನು ತೆಗೆದಿದ್ದೇವೆ.

ಬಲೂನು ಉಬ್ಬಲಿಲ್ಲವೆಂದು ಆ ಮೂರು ಬಾಟಲಿಗಳನ್ನು ಮೇಜಿನ ಕೆಳಗೆ ಬಚ್ಚಿಡುವ ಮಕ್ಕಳಿದ್ದಾರೆ. ದಯವಿಟ್ಟು ಅವನ್ನೇ ಮುಂದೆ ಇಡಿಸಿ.

ಅದು ಇಂಗಾಲದ ಡೈಆಕ್ಸೈಡ್ ಎಂದು ತೋರಿಸುವುದು ಹೇಗೆ?

ಸುಣ್ಣದ ತಿಳಿನೀರಿನಿಂದ. ಪಾನ್ ಅಂಗಡಿಯ ತಿನ್ನುವ ಸುಣ್ಣ ಒಂದು ಚಮಚ ತೆಗೆದುಕೊಂಡು ಒಂದು ಲೋಟ ನೀರಿಗೆ ಹಾಕಿ ಕದಡಿ ಮುಚ್ಚಿಡಿ. ಮರುದಿನ ಬೆಳಿಗ್ಗೆ ತಳದ ಬಿಳಿ ಗಸಿ ಕದಡದಂತೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಔಷಧ ಅಂಗಡಿಯಲ್ಲಿ ಸಿಗುವ ಸಲೈನ್ ಕೊಳವೆಯ ಒಂದು ತುದಿಯನ್ನು ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಸಿಕ್ಕಿಸಿ, ಸುತ್ತ ಮೇಣ ಹಚ್ಚಿ. ಇನ್ನೊಂದು ತುದಿ ತಿಳಿನೀರಿನಲ್ಲಿ ಮುಳುಗಿರಲಿ. ಕೊಳವೆಯ ಮೇಲೆ ಹರಿವನ್ನು ಹೆಚ್ಚುಕಡಿಮೆ ಮಾಡುವ ಪುಟ್ಟ ಚಕ್ರ ಪೂರ್ತಿ ತೆರೆದಿರಬೇಕು. ಗುಳ್ಳೆಗಳು ಬರತೊಡಗಿದ ಮೇಲೆ ನೀರು ನಿಧಾನವಾಗಿ ಹಾಲಿನಂತೆ ಬೆಳ್ಳಗಾಗುತ್ತದೆ. ನೀರಿನಲ್ಲಿ ಕರಗಿದ್ದ ಸುಣ್ಣ ಈ ಅನಿಲದೊಂದಿಗೆ ಸೇರಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಈ ಬಿಳುಪು. ಹತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿಯೂ ಈ ಚಟುವಟಿಕೆ ಇದೆ.

ಅಲ್ಲಿಗೆ ನಿಲ್ಲಿಸಬೇಡಿ. ಅನಿಲ ಹಾಯುತ್ತಲೇ ಇದ್ದರೆ ಬೆಳ್ಳಗಾದ ನೀರು ಮತ್ತೆ ತಿಳಿಯಾಗುತ್ತದೆ, ಏಕೆಂದರೆ ಕಾರ್ಬೊನೇಟ್ ಕರಗುವಂಥ ಬೈಕಾರ್ಬೊನೇಟ್ ಆಗುತ್ತದೆ. ನೋಡುವವರು ‘ಅರೆ’ ಎನ್ನುವುದು ಇಲ್ಲಿಯೇ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಸಿಡಿದರೆ ತಡಮಾಡದೆ ಬಹಳ ಹೊತ್ತು ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.

ಸಕ್ಕರೆಯ ಬದಲು ಬೆಲ್ಲ, ಹಾಲು, ಜೋಳದ ಹಿಟ್ಟು ಹಾಕಬಹುದೇ?

ಹಾಕಿ ನೋಡಿ, ಪ್ರಯೋಗದ ರುಚಿ ಇರುವುದೇ ಇಲ್ಲಿ. ಬೆಲ್ಲ ಸೊಗಸಾಗಿ ನಡೆಯುತ್ತದೆ. ಅದರಲ್ಲಿ ಸುಕ್ರೋಸ್ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಕೂಡ ಸ್ವಲ್ಪ ಇರುತ್ತವೆ. ಬಿಳಿ ಸಕ್ಕರೆ ಬರೀ ಸುಕ್ರೋಸ್, ಅದನ್ನು ಯೀಸ್ಟ್ ಮೊದಲು ಇನ್ವರ್ಟೇಸ್ ಎಂಬ ಕಿಣ್ವದಿಂದ ಎರಡಾಗಿ ಸೀಳಿ ಆಮೇಲೆ ಒಳಗೆ ಒಯ್ಯುತ್ತದೆ.

ಹಾಲಿನಲ್ಲಿ ಬಲೂನು ಹೆಚ್ಚೂಕಡಿಮೆ ಏಳುವುದೇ ಇಲ್ಲ. ಹಾಲಿನ ಸಕ್ಕರೆ ಲ್ಯಾಕ್ಟೋಸ್, ಅದನ್ನು ಸೀಳುವ ಕಿಣ್ವ ಬೇಕರಿ ಯೀಸ್ಟ್ ಬಳಿ ಇಲ್ಲ. ಸಕ್ಕರೆ ಎದುರಿಗೇ ಇದ್ದೂ ತಿನ್ನಲಾಗದ ಸ್ಥಿತಿ. ಧಾರವಾಡ ಪೇಢೆಯಲ್ಲಿ ಹಾಲಿನ ಜೊತೆ ಸಕ್ಕರೆಯೂ ಇರುವುದರಿಂದ ಅದು ಯೀಸ್ಟ್‌ಗೆ ಒಗ್ಗುತ್ತದೆ, ಆದರೆ ಪೇಢೆಯನ್ನು ಬಾಟಲಿಗೆ ತುರುಕುವಷ್ಟು ಅರಸಿಕರು ಈ ಊರಿನಲ್ಲಿ ಇರಲಾರರು.

ಜೋಳದ ಹಿಟ್ಟಿನಲ್ಲಿ ಪಿಷ್ಟ ಬೇಕಾದಷ್ಟಿದೆ, ಬಿಡಿ ಸಕ್ಕರೆ ಕಡಿಮೆ. ಪಿಷ್ಟ ಎಂದರೆ ಗ್ಲೂಕೋಸ್ ಕಣಗಳ ಉದ್ದನೆಯ ಸರಪಳಿ, ಅದನ್ನು ಕತ್ತರಿಸುವ ಅಮೈಲೇಸ್ ಕಿಣ್ವ ಯೀಸ್ಟ್‌ಗೆ ಇಲ್ಲ. ಹಾಗಾಗಿ ಅನಿಲ ಅಲ್ಪ. ಈಗ ಅದೇ ಜೋಳವನ್ನು ಎರಡು ಮೂರು ದಿನ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಹಾಕಿ ನೋಡಿ. ಕಾಳು ಮೊಳೆಯುವಾಗ ತನ್ನ ಪಿಷ್ಟವನ್ನು ಕರಗಿಸಿಕೊಳ್ಳಲು ತಾನೇ ಅಮೈಲೇಸ್ ತಯಾರಿಸಿಕೊಳ್ಳುತ್ತದೆ, ಅದು ಯೀಸ್ಟ್‌ಗೂ ದಾರಿ ಮಾಡಿಕೊಡುತ್ತದೆ. ಒಣ ಹಿಟ್ಟಿಗೂ ಮೊಳಕೆ ಹಿಟ್ಟಿಗೂ ಇರುವ ಅಂತರವನ್ನು ಬಲೂನಿನಲ್ಲೇ ಅಳೆಯಬಹುದು. ಜೋಳದ ನಾಡಿನಲ್ಲಿ ಕೂತು ಈ ಪ್ರಯೋಗ ಮಾಡದಿದ್ದರೆ ಹೇಗೆ? ಮೊಳಕೆ ಮನೆಯವರಿಗೆ ಗೊತ್ತಾಗದಂತೆ ಬೀಸಲು ಹೋಗಬೇಡಿ, ಮಿಕ್ಸರ್ ಯಾರದೆಂಬ ಪ್ರಶ್ನೆ ಬರುತ್ತದೆ. ಇನ್ನೊಂದು ಎಚ್ಚರ: ಜೋಳದ ಹಸಿ ಮೊಳಕೆಯಲ್ಲಿ ಸಯನೈಡ್ ಬಿಡುವ ಪದಾರ್ಥ ಇರುತ್ತದೆ. ಪ್ರಯೋಗದ ಹಿಟ್ಟನ್ನು ಪ್ರಯೋಗಕ್ಕೇ ಮೀಸಲಿಡಿ, ತಿನ್ನಬೇಡಿ.

ಹಾಗಾದರೆ ರೊಟ್ಟಿ ಹಂಚಿನ ಮೇಲೆ ಉಬ್ಬುವುದು?

ಅದಕ್ಕೂ ಯೀಸ್ಟ್‌ಗೂ ಸಂಬಂಧವಿಲ್ಲ. ಬಡಿದ ರೊಟ್ಟಿಯ ಒಳಗಿನ ನೀರು ಹಂಚಿನ ಕಾವಿಗೆ ಉಗಿಯಾಗುತ್ತದೆ. ಎರಡು ಬದಿಯೂ ಬೆಂದು ಬಿಗಿದಿರುವುದರಿಂದ ಉಗಿಗೆ ಹೊರದಾರಿ ಸಿಗದೆ ಪದರ ಬಿಡಿಸಿಕೊಂಡು ಉಬ್ಬುತ್ತದೆ. ನಾದಿದ ಐದು ನಿಮಿಷದಲ್ಲಿ ಯೀಸ್ಟ್ ಏನು ತಾನೇ ಮಾಡೀತು! ಬ್ರೆಡ್ಡಿನ ಕಥೆ ಬೇರೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇದೆ, ಅದು ಯೀಸ್ಟ್ ಬಿಟ್ಟ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೋಳದಲ್ಲಿ ಆ ಅಂಟು ಇಲ್ಲ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದುವುದು, ಲಟ್ಟಿಸದೆ ಬಡಿಯುವುದು, ಇದೆಲ್ಲ ಅಂಟಿಲ್ಲದ ಹಿಟ್ಟನ್ನು ಒಗ್ಗಿಸಿಕೊಳ್ಳುವ ಜಾಣತನ.

ಇಡ್ಲಿ ಹಿಟ್ಟು, ಜಿಲೇಬಿ ಹಿಟ್ಟು ಉಕ್ಕುವುದು ಯೀಸ್ಟ್‌ನಿಂದಲೇ?

ಪೂರ್ತಿ ಅಲ್ಲ. ಇಡ್ಲಿ ಹಿಟ್ಟಿನಲ್ಲಿ ಮುಖ್ಯ ಕೆಲಸ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳದು, ಅದರಲ್ಲೂ ಲ್ಯೂಕೊನಾಸ್ಟಾಕ್ ಎಂಬುದು ಹುಳಿಯ ಜೊತೆಗೆ ಅನಿಲವನ್ನೂ ಬಿಡುತ್ತದೆ. ಯೀಸ್ಟ್‌ಗಳು ಜೊತೆಗಿರುತ್ತವೆ. ರಾತ್ರಿ ಹುದುಗಿಸಿದ ಜಿಲೇಬಿ ಹಿಟ್ಟಿನಲ್ಲೂ ಇವೆರಡರ ಕೂಡುವ್ಯವಹಾರ. ಪೊಟ್ಟಣದ ಯೀಸ್ಟ್ ಸಿಗದ ಹಳ್ಳಿಯಲ್ಲಿದ್ದರೆ ರುಬ್ಬಿದ ಇಡ್ಲಿ ಹಿಟ್ಟನ್ನೇ ಬಾಟಲಿಯ ಕಾಲು ಭಾಗ ತುಂಬಿ ಬಲೂನು ಹಾಕಿ. ರಾತ್ರಿಯಿಡೀ ಬೇಕಾಗುತ್ತದೆ.

ಅಡುಗೆ ಸೋಡಾ ಮತ್ತು ನಿಂಬೆರಸದಿಂದ ಕ್ಷಣದಲ್ಲಿ ಬಲೂನು ಉಬ್ಬುತ್ತದಲ್ಲ, ಮತ್ತೆ ಯೀಸ್ಟ್ ಏಕೆ?

ಅಲ್ಲಿಯೂ ಬರುವುದು ಇಂಗಾಲದ ಡೈಆಕ್ಸೈಡೇ, ಆದರೆ ಅದು ಬರೀ ರಾಸಾಯನಿಕ ಕ್ರಿಯೆ. ಬೆರೆಸಿದ ಕೂಡಲೇ ಭುಸ್ಸೆಂದು ಮುಗಿಯುತ್ತದೆ. ಯೀಸ್ಟ್ ನಿಧಾನ, ಚಳಿಗೆ ಮಂದ, ಬೆಚ್ಚಗಾದರೆ ಚುರುಕು, ಕುದಿಸಿದರೆ ಸಾವು.

ಎಷ್ಟು ಅನಿಲ ಬಂತೆಂದು ಅಳೆಯಬಹುದೇ?

ದಾರ ಮತ್ತು ಅಳತೆಪಟ್ಟಿ ಸಾಕು. ಹತ್ತು ನಿಮಿಷಕ್ಕೊಮ್ಮೆ ಬಲೂನಿನ ದಪ್ಪ ಭಾಗಕ್ಕೆ ದಾರ ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಬಲೂನು ದುಂಡಗಿದೆ ಎಂದುಕೊಂಡರೆ ಸುತ್ತಳತೆಯ ಘನವನ್ನು 59.2ರಿಂದ ಭಾಗಿಸಿದಾಗ ಗಾತ್ರ ಬರುತ್ತದೆ. 20 ಸೆಂಟಿಮೀಟರ್ ಸುತ್ತಳತೆಗೆ ಸುಮಾರು 135 ಮಿಲಿಲೀಟರ್, 30 ಸೆಂಟಿಮೀಟರಿಗೆ ಸುಮಾರು 456 ಮಿಲಿಲೀಟರ್. ಸುತ್ತಳತೆ ಒಂದೂವರೆ ಪಟ್ಟು ಆದರೆ ಅನಿಲ ಮೂರು ಪಟ್ಟಿಗೂ ಮೀರಿರುತ್ತದೆ. ಆದ್ದರಿಂದ ನಕ್ಷೆ ಬರೆಯುವಾಗ ಸುತ್ತಳತೆಯನ್ನಲ್ಲ, ಗಾತ್ರವನ್ನು ಬರೆಯಬೇಕು.

ಎರಡು ಚಮಚ ಅಂದರೆ ಸುಮಾರು 8 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಲೆಕ್ಕದ ಪ್ರಕಾರ 2.3 ಲೀಟರಿನಷ್ಟು ಅನಿಲ ಬರಬೇಕು. ಬಲೂನಿನಲ್ಲಿ ಅಷ್ಟು ಸಿಗುವುದಿಲ್ಲ. ನೀರಿನಲ್ಲೇ ನೂರು ಮಿಲಿಲೀಟರಿನಷ್ಟು ಕರಗಿರುತ್ತದೆ, ಒಂದಷ್ಟು ರಬ್ಬರಿನ ಮೂಲಕ ಹೊರಬೀಳುತ್ತದೆ, ಒಂದು ಗಂಟೆಯಲ್ಲಿ ಸಕ್ಕರೆಯೆಲ್ಲ ಮುಗಿದಿರುವುದೂ ಇಲ್ಲ.

ಮರುದಿನ ನೋಡಿದರೆ ಬಲೂನು ಸೊರಗಿದೆ. ಯೀಸ್ಟ್ ಅನಿಲವನ್ನು ವಾಪಸು ತೆಗೆದುಕೊಂಡಿತೇ?

ಇಲ್ಲ. ರಬ್ಬರಿನ ಮೂಲಕ ಇಂಗಾಲದ ಡೈಆಕ್ಸೈಡ್ ಸಾಮಾನ್ಯ ಗಾಳಿಗಿಂತ ಬೇಗ ನುಸುಳಿ ಹೋಗುತ್ತದೆ. ಯೀಸ್ಟ್ ಕೆಲಸ ನಿಲ್ಲಿಸಿದ ಮೇಲೆ ಒಳಬರುವುದಿಲ್ಲ, ಹೊರಹೋಗುವುದು ಮಾತ್ರ ನಡೆದಿರುತ್ತದೆ.

ಈ ಬಲೂನನ್ನು ಕಟ್ಟಿ ಬಿಟ್ಟರೆ ಹಾರುತ್ತದೆಯೇ?

ಹಾರುವುದಿಲ್ಲ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ನೆಲಕ್ಕೆ ಬೀಳುತ್ತದೆ.

ಯೀಸ್ಟ್ ಸಸ್ಯಾಹಾರವೇ? ನಮ್ಮ ಮನೆಯಲ್ಲಿ ಹಿರಿಯರು ಒಪ್ಪುತ್ತಿಲ್ಲ.

ಯೀಸ್ಟ್ ಪ್ರಾಣಿಯಲ್ಲ, ಸಸ್ಯವೂ ಅಲ್ಲ, ಅಣಬೆಯ ಬಳಗದ್ದು. ಕಾರ್ಖಾನೆಯಲ್ಲಿ ಅದನ್ನು ಹೆಚ್ಚಾಗಿ ಬೆಳೆಸುವುದು ಸಕ್ಕರೆ ಕಾರ್ಖಾನೆಯ ಕಾಕಂಬಿಯ ಮೇಲೆ. ಅಣಬೆಯನ್ನೂ ಒಲ್ಲದ ಮನೆಯವರಿಗೆ ಹೇಳಬಹುದಾದದ್ದು ಇಷ್ಟು: ಚಹಾದಲ್ಲಿ ಅದ್ದಿ ತಿನ್ನುವ ಬ್ರೆಡ್ಡು ಟೋಸ್ಟುಗಳೂ ಇದರದೇ ಕೃಪೆ.

ಮದ್ಯಸಾರ ಬರುತ್ತದೆ ಎಂದಿರಿ. ಮಕ್ಕಳಿಗೆ ಅಪಾಯವಿಲ್ಲವೇ?

ಗ್ಲೂಕೋಸಿನ ಒಂದು ಕಣದಿಂದ ಎರಡು ಕಣ ಎಥನಾಲ್, ಎರಡು ಕಣ ಇಂಗಾಲದ ಡೈಆಕ್ಸೈಡ್. ನಮ್ಮ ಬಾಟಲಿಯ 8 ಗ್ರಾಂ ಸಕ್ಕರೆಯಿಂದ ಹೆಚ್ಚೆಂದರೆ 4 ಗ್ರಾಂ ಚಿಲ್ಲರೆ ಎಥನಾಲ್. ಮೂಸಿದರೆ ವಾಸನೆ ಗೊತ್ತಾಗುತ್ತದೆ. ಕುಡಿಯುವುದು ಬೇಡ, ಏಕೆಂದರೆ ಅದರಲ್ಲಿ ಬೇರೆ ಯಾವ ಸೂಕ್ಷ್ಮಜೀವಿ ಸೇರಿದೆಯೋ ಹೇಳಲಾಗದು.

ನಿಜವಾದ ಅಪಾಯ ಬೇರೆಡೆ ಇದೆ. ಬಲೂನು ತೆಗೆದು ಬಾಟಲಿಗೆ ಗಟ್ಟಿಯಾಗಿ ಮುಚ್ಚಳ ಹಾಕಿ ಮೂಲೆಯಲ್ಲಿ ಇಟ್ಟುಬಿಡುವವರಿದ್ದಾರೆ. ಒಳಗೆ ಅನಿಲ ಕೂಡುತ್ತಲೇ ಇರುತ್ತದೆ, ಗಾಜಿನ ಬಾಟಲಿಯಾದರೆ ಸಿಡಿದು ಚೂರು ಹಾರುತ್ತವೆ. ಗಾಜು ಬೇಡ, ತೂತಿಲ್ಲದ ಮುಚ್ಚಳ ಬೇಡ.

ಯೀಸ್ಟ್‌ಗೆ ಜೀವವಿದೆ ಎಂದು ಮೊದಲು ಕಂಡುಕೊಂಡವರು ಯಾರು?

ನೊರೆ ಬರುವುದನ್ನು ಸಾವಿರಾರು ವರ್ಷಗಳಿಂದ ಜನ ಕಂಡಿದ್ದರು, ಕಾರಣ ಗೊತ್ತಿರಲಿಲ್ಲ. 1830ರ ದಶಕದಲ್ಲಿ ಜರ್ಮನಿಯ ಥಿಯೋಡೋರ್ ಶ್ವಾನ್, ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಬೆಳೆಯುವ ಜೀವಿ ಎಂದರು. ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರು ನಕ್ಕರು. 1850ರ ದಶಕದ ಕೊನೆಯಲ್ಲಿ ಲೂಯಿ ಪಾಶ್ಚರ್ ಹುದುಗುವಿಕೆ ಜೀವಿಗಳ ಕೆಲಸವೆಂದು ಗಟ್ಟಿಯಾಗಿ ಸಾಧಿಸಿದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1897ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ, ರಸ ತೆಗೆದ. ಅದು ಕೆಡಬಾರದೆಂದು ಸಕ್ಕರೆ ಬೆರೆಸಿದರೆ ರಸದಿಂದ ಗುಳ್ಳೆಗಳು ಏಳತೊಡಗಿದವು! ಒಂದೂ ಜೀವಂತ ಕೋಶವಿಲ್ಲದ ರಸ ಹುದುಗುತ್ತಿತ್ತು. ಕೆಲಸ ಮಾಡುವುದು ಕೋಶದೊಳಗಿನ ಕಿಣ್ವಗಳೆಂದು ಹೀಗೆ ತಿಳಿಯಿತು. 1907ರ ರಸಾಯನಶಾಸ್ತ್ರದ ನೊಬೆಲ್ ಅವನಿಗೆ ಬಂತು. ನಮ್ಮ ‘ಈ’ ಬಾಟಲಿಯ ಅರ್ಥವೂ ಇದರಿಂದ ಇನ್ನಷ್ಟು ಖಚಿತವಾಗುತ್ತದೆ: ಕುದಿಸಿದಾಗ ಕೋಶ ಸಾಯುವುದಷ್ಟೇ ಅಲ್ಲ, ಕಿಣ್ವಗಳೂ ಕೆಡುತ್ತವೆ.

ಆಮ್ಲಜನಕ ಇಲ್ಲದಿದ್ದರೆ ಮಾತ್ರ ಯೀಸ್ಟ್ ಮದ್ಯಸಾರ ಮಾಡುತ್ತದೆ ಎಂದು ಓದಿದ್ದೇವೆ. ಬಾಟಲಿಯಲ್ಲಿ ಗಾಳಿ ಇದೆಯಲ್ಲ?

ಪರೀಕ್ಷೆಗೆ ಆ ಉತ್ತರ ಸಾಕು. ವಾಸ್ತವದಲ್ಲಿ ಬೇಕರಿ ಯೀಸ್ಟ್ ಆಸೆಬುರುಕ ಜೀವಿ. ಸಕ್ಕರೆ ಧಾರಾಳವಾಗಿ ಸಿಕ್ಕರೆ ಆಮ್ಲಜನಕ ಇದ್ದರೂ ಹುದುಗಿಸುವ ದಾರಿಯನ್ನೇ ಹಿಡಿಯುತ್ತದೆ. ಇದಕ್ಕೆ ಕ್ರ್ಯಾಬ್‌ಟ್ರೀ ಪರಿಣಾಮವೆಂದು ಹೆಸರು. ಒಂದು ಗ್ಲೂಕೋಸ್ ಕಣದಿಂದ ಹೀಗೆ ಸಿಗುವ ಶಕ್ತಿ ಎರಡೇ ಎಟಿಪಿ (ಜೀವಕೋಶ ಶಕ್ತಿಯನ್ನು ಹಿಡಿದಿಟ್ಟು ಖರ್ಚು ಮಾಡುವ ಕಣ), ಉಸಿರಾಟದಿಂದಾದರೆ ಅದರ ಹಲವು ಪಟ್ಟು. ಆದರೂ ಬೇಗ ಬೇಗ ತಿಂದು ಮುಗಿಸುವ ಅವಸರ ಅದಕ್ಕೆ.

ಪ್ರದರ್ಶನದ ದಿನ ಎಷ್ಟು ಹೊತ್ತಿಗೆ ಬೆರೆಸಬೇಕು?

ಅತಿಥಿಗಳು ಹೇಳಿದ ಹೊತ್ತಿಗೆ ಬರುವುದಿಲ್ಲ, ಇದನ್ನು ಗಮನದಲ್ಲಿಡಿ. ಒಂದು ಜೊತೆ ಬಾಟಲಿಗಳನ್ನು ಉದ್ಘಾಟನೆಗೆ ಒಂದು ಗಂಟೆ ಮೊದಲು ಬೆರೆಸಿ, ಇನ್ನೊಂದು ಜೊತೆಯನ್ನು ಅವರು ಮೇಜಿನ ಹತ್ತಿರ ಬಂದಾಗ ಎದುರಿಗೇ ಬೆರೆಸಿ. ಬೆರೆಸಿದ ಸಮಯವನ್ನು ಪ್ರತಿ ಬಾಟಲಿಯ ಮೇಲೂ ಚೀಟಿ ಬರೆದು ಅಂಟಿಸಿ. ಬಿಸಿನೀರಿಗೆ ಮನೆಯಿಂದಲೇ ಥರ್ಮಾಸ್ ಒಯ್ಯಿರಿ.

ಮುಗಿದ ಮೇಲೆ ದ್ರಾವಣವನ್ನು ಏನು ಮಾಡಬೇಕು?

ನೀರು ಬೆರೆಸಿ ತೆಳು ಮಾಡಿ ಗೊಬ್ಬರದ ಗುಂಡಿಗೆ ಹಾಕಿ, ಇಲ್ಲವೇ ಮೋರಿಗೆ ಚೆಲ್ಲಿ. ಹಾಗೆಯೇ ಗಿಡದ ಬುಡಕ್ಕೆ ಸುರಿದರೆ ಇರುವೆ ಬರುತ್ತದೆ. ಬಾಟಲಿಯನ್ನು ಕೂಡಲೇ ತೊಳೆಯಿರಿ, ಒಣಗಿದ ನೊರೆ ಬಿಡಿಸುವುದು ಕಷ್ಟ.